ಮುಚ್ಚಳದ ಕೆಳಗಿನ ಜೇಡ

(ಪರ್ತ್‌ನಲ್ಲಿ ನೆಲೆಸಿರುವ ಕನ್ನಡಿಗರ ಮುಂದೆ ಮೇ ತಿಂಗಳಲ್ಲಿ ಆಡಿದ ಮಾತಿನ ಬರಹ ರೂಪ)

ಹೋದ ವಾರ ನಿಮ್ಮಲ್ಲೊಬ್ಬರು ನನಗೆ ಒಂದು ಫೋಟೊ ಕಳಿಸಿದ್ದರು. ಈಜುಕೊಳದ ಕಸ ಹಿಡಿಯುವ ಬುಟ್ಟಿಯಲ್ಲಿ ಒದ್ದೆಯಾಗಿ ಮುದುರಿಕೊಂಡ ಒಂದು ಕಪ್ಪು ಜೇಡ. ಕೆಳಗೆ ಒಂದೇ ಸಾಲು: “ಅಕ್ಕಾ, ಇದು ಫನಲ್ ವೆಬ್ಬಾ? ಮಕ್ಕಳು ಇದೇ ನೀರಲ್ಲಿ ಆಡ್ತಾರೆ.”

ಆ ಹೆದರಿಕೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಚ್ಚಿದರೆ ಜೀವಕ್ಕೇ ಅಪಾಯವಾಗಬಲ್ಲ ಫನಲ್ ವೆಬ್ ಜೇಡಗಳು ಆಸ್ಟ್ರೇಲಿಯದ ಪೂರ್ವ ಮತ್ತು ದಕ್ಷಿಣದ ಕಡೆ ಇವೆ. ಸಿಡ್ನಿಯಲ್ಲಿದ್ದರೆ ಈ ಪ್ರಶ್ನೆ ಸರಿ. ನಮ್ಮ ಪಶ್ಚಿಮ ಆಸ್ಟ್ರೇಲಿಯದಲ್ಲಿ ಅವು ಇಲ್ಲ. ಹಾಗಂತ ಬರಿಗೈಯಲ್ಲಿ ಎತ್ತಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆದರೆ ಆ ಫೋಟೊ ನೋಡಿ ಅದು ಯಾವ ಜೇಡ ಅಂತ ನನಗೂ ಹೇಳೋಕಾಗಲಿಲ್ಲ. ಫೋಟೊ ಮೇಲಿಂದ ತೆಗೆದದ್ದು. ಬೆನ್ನು ಮಾತ್ರ ಕಾಣುತ್ತಿತ್ತು. ನೆಲದಲ್ಲಿ ಬಿಲ ತೋಡುವ ಈ ಜೇಡಗಳ ಬೆನ್ನು ನೋಡಿದರೆ ಹೆಚ್ಚು ಕಡಿಮೆ ಎಲ್ಲವೂ ಒಂದೇ. ಮುಖ ನೋಡಬೇಕು, ಮೊದಲ ಕಾಲು ನೋಡಬೇಕು, ಹಿಂಬದಿ ನೋಡಬೇಕು. ಎಲ್ಲಕ್ಕಿಂತ ಮೊದಲು, ಸಾಧ್ಯವಾದರೆ, ಅದರ ಮನೆ ನೋಡಬೇಕು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ: ಎಲ್ಲಿ ನೋಡಬೇಕು ಅನ್ನೋದನ್ನ.

ಎಲ್ಲರೂ ಎರಡೂ ತೋರುಬೆರಳು ಎತ್ತಿ. ಸ್ವಲ್ಪ ಬಾಗಿಸಿ. ಈಗ ಎದುರುಬದುರು ತನ್ನಿ, ಇಕ್ಕಳದ ಹಾಗೆ. ನಿಮ್ಮ ಮನೆ ಗೋಡೆ ಮೇಲೆ ಓಡಾಡುತ್ತದಲ್ಲ, ಅಂಗೈ ಅಗಲದ ಹಂಟ್ಸ್‌ಮನ್ ಜೇಡ, ಅದು ಕಚ್ಚುವುದು ಹೀಗೆ. ಈಗ ಎರಡೂ ಬೆರಳು ಪಕ್ಕಪಕ್ಕ ಇಟ್ಟು ಮೇಲಿಂದ ಕೆಳಕ್ಕೆ ಕುಕ್ಕಿ, ಪಿಕಾಸಿಯಿಂದ ನೆಲ ಅಗೆದ ಹಾಗೆ. ನಾನು ಹೇಳುತ್ತಿರುವ ಜೇಡಗಳು ಕಚ್ಚುವುದು ಹೀಗೆ. ಇವುಗಳಿಗೆ ಮೈಗಲೊಮಾರ್ಫ್ ಅಂತ ಹೆಸರು. ಟರಾಂಟುಲಾ ಅಂತ ಕೇಳಿದ್ದೀರಲ್ಲ, ಅದೂ ಇದೇ ಗುಂಪಿಗೆ ಸೇರಿದ್ದು. ಪಿಕಾಸಿ ಬೀಸಬೇಕಾದರೆ ಮೊದಲು ಎತ್ತಬೇಕು, ಅಲ್ವಾ? ಅದಕ್ಕೇ ಕೆಣಕಿದಾಗ ಇವು ಮುಂಗಾಲು ಮೇಲೆತ್ತಿ, ಎದೆ ಸೆಟೆಸಿ ನಿಲ್ಲುತ್ತವೆ. ಸತ್ತ ಜೇಡ ಸಿಕ್ಕರೆ ಮಗುಚಿ ನೋಡಿ. ಹೊಟ್ಟೆಯ ಅಡಿಯಲ್ಲಿ ಮುಂದೆ ಎರಡು, ಹಿಂದೆ ಎರಡು ತಿಳಿ ಬಣ್ಣದ ತೇಪೆ ಕಾಣುತ್ತವೆ. ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಶ್ವಾಸಕೋಶಗಳು ಅವು. ಬಲೆ ಕಟ್ಟುವ ಮಾಮೂಲಿ ಜೇಡಗಳಲ್ಲಿ ಇಂಥದ್ದು ಹೆಚ್ಚೆಂದರೆ ಒಂದು ಜೊತೆ. ಇವುಗಳಿಗೆ ಎರಡು ಜೊತೆ.

ಪರ್ತ್ ಸುತ್ತಮುತ್ತ ಬಿಲದಲ್ಲಿ ಬದುಕುವ ಮೈಗಲೊಮಾರ್ಫ್‌ಗಳು ಹಲವು ಇವೆ. ನನ್ನ ಪ್ರೀತಿಯ ಗುಂಪಿಗೆ, ಅಂದರೆ ಮುಳ್ಳುಗಾಲಿನ ಬಾಗಿಲು ಜೇಡಗಳಿಗೆ, ಬರುವ ಮೊದಲು ಅದರ ನೆರೆಹೊರೆಯವರನ್ನು ಪರಿಚಯ ಮಾಡಿಕೊಡಬೇಕು. ಇಲ್ಲದಿದ್ದರೆ ಗೊಂದಲ ಆಗುತ್ತದೆ.

ಒಂದು, ಮೌಸ್ ಸ್ಪೈಡರ್. ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರು ಮಿಸ್ಸುಲೆನ. ಇಲಿ ಹಾಗೆ ಆಳವಾಗಿ ಬಿಲ ತೋಡುತ್ತದೆ ಅಂತ ಹಿಂದೆ ನಂಬಿದ್ದರಿಂದ ಆ ಹೆಸರು ಬಂತು. ಇದರ ತಲೆ ಗುಡ್ಡದ ಹಾಗೆ ದಿಢೀರನೆ ಮೇಲೆದ್ದಿರುತ್ತದೆ. ದವಡೆಗಳು ಎರಡು ಉಬ್ಬಿದ ಗುಂಡಿನ ಹಾಗೆ. ಆದರೆ ನೀವು ನೋಡಬೇಕಾದ್ದು ಕಣ್ಣು. ಉಳಿದ ಬಿಲದ ಜೇಡಗಳಲ್ಲಿ ಎಂಟೂ ಕಣ್ಣು ತಲೆಯ ನಡುವೆ ಒತ್ತೊತ್ತಾಗಿ ಗುಂಪುಗೂಡಿರುತ್ತವೆ. ಇದರಲ್ಲಿ ಮಾತ್ರ ಹಣೆಯ ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡಿರುತ್ತವೆ. ಒಂದು ಸಲ ನೋಡಿದರೆ ಮರೆಯೋದಿಲ್ಲ. ಕೆಂಪು ತಲೆಯ ಮೌಸ್ ಸ್ಪೈಡರ್‌ನ ಗಂಡಿಗೆ ತಲೆ, ದವಡೆ ಕಡುಗೆಂಪು, ಹೊಟ್ಟೆ ನೀಲಿ ಹೊಳಪು. ಹಗಲಲ್ಲೇ ಓಡಾಡುತ್ತದೆ. ಪೂರ್ವದ ಕಡೆಯ ಮೌಸ್ ಸ್ಪೈಡರ್‌ನ ವಿಷ ಫನಲ್ ವೆಬ್‌ನ ವಿಷವನ್ನೇ ಹೋಲುತ್ತದೆ. ಅದಕ್ಕೂ ಫನಲ್ ವೆಬ್‌ನ ಪ್ರತಿವಿಷವೇ ಕೆಲಸ ಮಾಡುತ್ತದೆ. ಬರಿಗೈಯಲ್ಲಿ ಎತ್ತಬೇಡಿ ಅಂದದ್ದು ಈ ಬಳಗದ ಕಾರಣಕ್ಕೆ.

ಎರಡನೆಯದು ವಿಶ್‌ಬೋನ್ ಜೇಡ. ಅನಾಮೆ ಅನ್ನೋ ಕುಲ ಮತ್ತು ಅದರ ಬಳಗ. ಇದರ ಬಿಲ ಕವಣೆಯ ಕವೆಗೋಲಿನ ಹಾಗೆ. ಕೆಳಗೆ ಒಂದು ಕೊಳವೆ, ಮೇಲೆ ಬರುತ್ತಾ ಎರಡು ಕವಲು. ಒಂದು ಕವಲು ನೆಲದ ಮೇಲೆ ಬಾಯಿ ತೆರೆಯುತ್ತದೆ. ಇನ್ನೊಂದು ನೆಲದ ಹತ್ತಿರ ಬಂದು ನಿಂತುಬಿಡುತ್ತದೆ. ಜರಿಯೋ ಚೇಳೋ ಮುಂಬಾಗಿಲಿಂದ ನುಗ್ಗಿದರೆ ಜೇಡಕ್ಕೆ ಈ ಹಿತ್ತಲ ಕವಲು ಇದೆ. ಬಿಲದ ಬಾಯಿಗೆ ಮುಚ್ಚಳ ಇಲ್ಲ. ರೇಷ್ಮೆ ಅಂಚು ಮಾತ್ರ ಕಾಣುತ್ತದೆ. ತಲೆಯ ಚಿಪ್ಪಿನ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಕೂದಲು. ಹಿಂಬದಿಯಲ್ಲಿ ಎರಡು ಉದ್ದನೆಯ ಬೆರಳು ಚಾಚಿಕೊಂಡಿರುತ್ತವೆ. ನೂಲು ತೆಗೆಯುವ ಅಂಗ ಅದು. ನೂಲುಬೆರಳು ಅಂತ ಕರೆಯೋಣ. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಬ್ರಷ್ ಪಾದದ ಜೇಡಗಳೂ ಇವೆ. ಅವುಗಳ ಪಾದದ ತುದಿಯಲ್ಲಿ ಕೂದಲ ಕುಚ್ಚು. ಗಾಜಿನ ಜಾಡಿಯಲ್ಲಿ ಹಾಕಿದರೆ ಗೋಡೆ ಹತ್ತಿಕೊಂಡು ಬರುತ್ತವೆ. ನಾನು ಈಗ ಹೇಳಲಿರುವ ಜೇಡ ಗಾಜು ಹತ್ತಲಾರದು. ಅದರ ಪಾದದ ತುದಿಯಲ್ಲಿ ಕುಚ್ಚಿಲ್ಲ, ಮೂರು ಉಗುರು ಇವೆ.

ಈಗ ನಮ್ಮ ಜೇಡ. ಇಂಗ್ಲಿಷ್‌ನಲ್ಲಿ ಸ್ಪೈನಿ ಟ್ರ್ಯಾಪ್‌ಡೋರ್ ಸ್ಪೈಡರ್. ಕನ್ನಡದಲ್ಲಿ ನಾನು ಮುಳ್ಳುಗಾಲಿನ ಬಾಗಿಲು ಜೇಡ ಅನ್ನುತ್ತೇನೆ. ಕುಟುಂಬದ ಹೆಸರು ಇಡಿಯೊಪಿಡೆ. ಆಸ್ಟ್ರೇಲಿಯದಲ್ಲಿ ಈ ಕುಟುಂಬದ ಸುಮಾರು ಹತ್ತು ಕುಲಗಳಿವೆ. ಇವುಗಳ ಹೆಣ್ಣು ಹುಟ್ಟಿ, ಅಮ್ಮನ ಬಿಲ ಬಿಟ್ಟು, ಒಂದಷ್ಟು ದೂರ ನಡೆದು, ಒಂದು ಪುಟ್ಟ ಬಿಲ ತೋಡುತ್ತದೆ. ಆಮೇಲೆ ಸಾಯುವ ತನಕ ಅದೇ ಬಿಲ. ಬೆಳೆದ ಹಾಗೆ ಬಿಲವನ್ನೇ ಅಗಲ ಮಾಡಿಕೊಳ್ಳುತ್ತದೆ. ಬಿಲದ ಬಾಯಿಗೆ ಬಾಗಿಲಾಗಿರುವ ಮುಚ್ಚಳದ ಅಂಚಿಗೆ ಹೊಸ ಮಣ್ಣು, ಹೊಸ ರೇಷ್ಮೆ ಸೇರಿಸಿಕೊಳ್ಳುತ್ತಾ ಹೋಗುತ್ತದೆ. ಹಳೆಯ ಮುಚ್ಚಳವನ್ನು ಹತ್ತಿರದಿಂದ ನೋಡಿದರೆ ಒಂದರ ಪಕ್ಕ ಒಂದು ಕಮಾನು ಕಮಾನಾಗಿ ಆ ಸೇರ್ಪಡೆ ಕಾಣುತ್ತದೆ.

ಹಾಗಾಗಿ ಮೊದಲು ಮುಚ್ಚಳ ನೋಡಿ. ಎರಡು ಬಗೆ. ಒಂದು ಬಾಟಲಿಯ ಬಿರಡೆ ಹಾಗೆ ದಪ್ಪ. ಅಂಚು ಓರೆಯಾಗಿರುತ್ತದೆ, ಬಿಲದ ಬಾಯಿಗೆ ಸರಿಯಾಗಿ ಕೂರುತ್ತದೆ. ಇನ್ನೊಂದು ಹಪ್ಪಳದಷ್ಟು ತೆಳು. ಬಾಯಿಯ ಮೇಲೆ ಸುಮ್ನೆ ಮಲಗಿರುತ್ತದೆ. ಎರಡಕ್ಕೂ ಒಂದು ಬದಿಯಲ್ಲಿ ರೇಷ್ಮೆಯ ತಿರುಗಣಿ. ಮೇಲ್ಮೈ ಸುತ್ತಲಿನ ನೆಲದ ಬಣ್ಣವೇ. ಪಾಚಿ ಇರುವಲ್ಲಿ ಪಾಚಿ, ತರಗೆಲೆ ಇರುವಲ್ಲಿ ತರಗೆಲೆ. ಜೇಡ ಗುರುತಿಸುವ ಈ ಕೆಲಸ ನಾನು ಶುರು ಮಾಡಿದ ಹೊಸದರಲ್ಲಿ ಒಂದು ಮುಚ್ಚಳ ಹುಡುಕೋಕೆ ಅರ್ಧ ದಿನ ಮಂಡಿಯೂರಿ ತೆವಳಿದ್ದೇನೆ. ಒಂದು ಕಂಡ ಮೇಲೆ ಅದರ ಸುತ್ತ ಇನ್ನೂ ಏಳೆಂಟು ಕಂಡವು. ಮರಿಗಳು ಅಮ್ಮನಿಂದ ತುಂಬ ದೂರ ಹೋಗೋದಿಲ್ಲ. ಹಾಗಾಗಿ ಒಂದು ಇದ್ದಲ್ಲಿ ಕೇರಿಯೇ ಇರುತ್ತದೆ.

ಕ್ವೀನ್ಸ್‌ಲ್ಯಾಂಡಿನಲ್ಲಿ ಯೂಪ್ಲೊಸ್ ಅನ್ನೋ ಕುಲದ ಕೆಲವು ಜೇಡಗಳು ಬಿಲವನ್ನು ನೆಲದಿಂದ ಮೇಲಕ್ಕೆ ಗೋಪುರದ ಹಾಗೆ ಎಬ್ಬಿಸಿ, ಅದರ ತುದಿಗೆ ಬಾಗಿಲು ಇಡುತ್ತವೆ. ಅದರಲ್ಲೊಂದಕ್ಕೆ 2019ರಲ್ಲಿ ಯೂಪ್ಲೊಸ್ ಟರ್ರಿಫಿಕಸ್ ಅಂತ ಹೆಸರಿಟ್ಟರು. ಗೋಪುರ ಕಟ್ಟುವುದು ಅಂತ ಅರ್ಥ. ಅದರ ಬಂಧು ಯೂಪ್ಲೊಸ್ ಕ್ರೆನಾಟಸ್ ತನ್ನ ಬಾಗಿಲಿನ ಅಂಚನ್ನೇ ಹಲ್ಲು ಹಲ್ಲಾಗಿ ಮಾಡಿಕೊಳ್ಳುತ್ತದೆ. ಅಂದರೆ ಬಾಗಿಲು ನೋಡಿಯೇ ಯಾರ ಮನೆ ಅಂತ ಹೇಳಬಹುದಾದ ಜೇಡಗಳಿವೆ.

ಆದರೆ ಇಲ್ಲೇ ಎಡವುವುದು. ಬಾಗಿಲು ಜೇಡ ಅಂದರೆ ಬಾಗಿಲು ಇರಲೇಬೇಕು ಅಂದುಕೊಳ್ಳುತ್ತೇವೆ. ಸ್ಟರ್ಲಿಂಗ್ ಬೆಟ್ಟ, ಪೊರೊಂಗುರಪ್ ಬೆಟ್ಟಗಳಿಗೆ ನಿಮ್ಮಲ್ಲಿ ಹಲವರು ರಜೆಗೆ ಹೋಗಿದ್ದೀರಿ. ಅಲ್ಲಿ ಕೆಟಾಕ್ಸಿಯ ಅನ್ನೋ ಕುಲ ಇದೆ. ಇದೇ ಕುಟುಂಬ. ಬಿಲದ ಬಾಯಿಗೆ ಮಣ್ಣಿನ ಮುಚ್ಚಳ ಇರೋದಿಲ್ಲ. ಸಿಡ್ನಿಯ ಕಂದು ಬಣ್ಣದ ಬಾಗಿಲು ಜೇಡ, ಅರ್ಬನೈಟಿಸ್ ಕುಲದ್ದು, ಅದಕ್ಕೂ ಬಾಗಿಲಿಲ್ಲ. ಬಿಲ ತೆರೆದೇ ಇರುತ್ತದೆ. ಇನ್ನೊಂದು ಕಡೆ, ಬಾಗಿಲು ಇರುವ ಬೇರೆ ಮನೆತನಗಳೂ ಇವೆ. ಮೌಸ್ ಸ್ಪೈಡರ್‌ಗೆ ಬಾಗಿಲಿದೆ, ಕೆಲವೊಮ್ಮೆ ಎರಡು. ದಕ್ಷಿಣ ಆಸ್ಟ್ರೇಲಿಯದಲ್ಲಿ ಸ್ಟಾನ್ವೆಲಿಯ ನೆಬ್ಯುಲೊಸ ಅನ್ನೋ ಜೇಡ ಇದೆ. ಅದು ಬಿಲದೊಳಗೆ ಪೇರಳೆ ಆಕಾರದ ಒಂದು ಬೆಣಚುಕಲ್ಲನ್ನು ರೇಷ್ಮೆಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಅಪಾಯ ಬಂದಾಗ ರೇಷ್ಮೆ ಎಳೆದರೆ ಕಲ್ಲು ಉರುಳಿ ಬಿಲಕ್ಕೆ ಅಡ್ಡ ಬೀಳುತ್ತದೆ. ನಮ್ಮ ಜೇಡಗಳಿಗೆ ಇದು ಹತ್ತಿರದ ಬಂಧುವೂ ಅಲ್ಲ. ನೋಡಿ ಖುಷಿಯಾಗಿ ಹೇಳಿದೆ, ಅಷ್ಟೇ.

ಹಾಗಾದರೆ ಮೈ ಮೇಲೆ ಏನು ನೋಡಬೇಕು?

ಹೆಣ್ಣಿನ ಮೊದಲ ಎರಡು ಜೊತೆ ಕಾಲು ಮತ್ತು ಬಾಯಿಯ ಪಕ್ಕದ ಪುಟ್ಟ ಕಾಲುಗಳನ್ನು ನೋಡಿ. ತುದಿಯ ಕಡೆಗೆ ಎರಡೂ ಅಂಚಿನಲ್ಲಿ ದಪ್ಪ ದಪ್ಪ ಮುಳ್ಳಿನ ಸಾಲು. ಕೂದಲಲ್ಲ, ಮುಳ್ಳು. ಬೇಲಿ ಮುಳ್ಳಿನ ಹಾಗೆ ಗಟ್ಟಿ. ಬಿಲದ ಬಾಯಲ್ಲಿ ಕೂತು ಬೇಟೆಯನ್ನು ಬಾಚಿ ಒಳಗೆಳೆದುಕೊಳ್ಳೋಕೆ ಈ ಕಾಲು. ಕುಟುಂಬಕ್ಕೆ ‘ಸ್ಪೈನಿ’ ಅನ್ನೋ ಹೆಸರು ಬಂದದ್ದೇ ಇದರಿಂದ.

ದವಡೆಯ ತುದಿ ನೋಡಿ, ಕೋರೆ ಶುರುವಾಗುವ ಜಾಗದ ಸ್ವಲ್ಪ ಮೇಲೆ. ಅಲ್ಲಿ ಗಿಡ್ಡ, ಮೊಂಡು ಮುಳ್ಳುಗಳ ಒಂದು ಗುಂಪು. ಮಣ್ಣು ಕೆರೆಯುವ ಸಾಧನ ಅದು. ವಿಜ್ಞಾನದಲ್ಲಿ ರಾಸ್ಟೆಲಮ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಚಿಕ್ಕ ಹಲುಬೆ ಅಂತಲೇ ಅರ್ಥ. ಊರಲ್ಲಿ ಹೊಲ ಇದ್ದವರಿಗೆ ಹಲುಬೆ ಗೊತ್ತಿರುತ್ತದೆ. ನಮ್ಮಪ್ಪ ಹಲುಬೆ ಹೊಡೆಯುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿದಾಗ ಮನಸ್ಸಿಗೆ ಬಂದ ಪದ ಅದೇ. ಮೌಸ್ ಸ್ಪೈಡರ್‌ಗೂ ಹಲುಬೆ ಇದೆ. ಫನಲ್ ವೆಬ್‌ಗೆ ಇಲ್ಲ.

ಬೆನ್ನ ಚಿಪ್ಪಿನ ನಡುವೆ ಒಂದು ಸಣ್ಣ ಗೆರೆಗುಳಿ ಇರುತ್ತದೆ. ತಲೆ ಮೇಲೆ ಬರುವ ಹಾಗೆ ಫೋಟೊ ಹಿಡಿದರೆ ನಮ್ಮ ಜೇಡದಲ್ಲಿ ಅದು ನಗುವ ಬಾಯಿಯ ಹಾಗೆ ಮೇಲಕ್ಕೆ ಬಾಗಿರುತ್ತದೆ. ಹಿಂಬದಿಯ ನೂಲುಬೆರಳು ಗಿಡ್ಡ, ಮೊಂಡು. ವಿಶ್‌ಬೋನ್‌ನ ಹಾಗೆ ಉದ್ದ ಚಾಚಿಕೊಂಡಿರೋದಿಲ್ಲ.

ಇಷ್ಟು ಸಾಮಾನ್ಯವಾದದ್ದು. ಇನ್ನು ಒಂದೇ ಒಂದು ಜೇಡವನ್ನು ಹತ್ತಿರದಿಂದ ತೋರಿಸುತ್ತೇನೆ. ಇಡಿಯೊಸೋಮ ನೈಗ್ರಮ್. ಶೀಲ್ಡ್ ಬ್ಯಾಕ್, ಅಂದರೆ ಗುರಾಣಿ ಬೆನ್ನಿನ ಜೇಡ. 1952ರಲ್ಲಿ ಇದಕ್ಕೆ ಹೆಸರಿಟ್ಟವರು ಬಾರ್ಬರಾ ಯಾರ್ಕ್ ಮೇನ್. ಇಲ್ಲಿಂದ ಪೂರ್ವಕ್ಕೆ ಹೋದರೆ ಸಿಗುವ ಗೋಧಿ ಸೀಮೆಯಲ್ಲೇ ಬೆಳೆದ ಹೆಣ್ಣುಮಗಳು. ಬದುಕಿಡೀ ಈ ಜೇಡಗಳನ್ನೇ ಓದಿದವರು.

ಈ ಜೇಡದ ಹೊಟ್ಟೆ ಉಳಿದ ಜೇಡಗಳ ಹಾಗೆ ಮೆತ್ತಗೆ, ದುಂಡಗೆ ಇಲ್ಲ. ಹಿಂದಿನ ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಚರ್ಮ ದಪ್ಪ, ಚರ್ಮದ ಚಪ್ಪಲಿ ಅಟ್ಟೆಯಷ್ಟು ಬಿರುಸು. ಮೇಲೆ ಆಳವಾದ ಗೀರುಗಳು. ಜೊತೆಗೆ ಯಾರೋ ಮುದ್ರೆ ಒತ್ತಿದ ಹಾಗೆ ಜೋಡಿ ಜೋಡಿ ಗುಳಿಗಳು. ಒಳಗಿನ ಸ್ನಾಯು ಅಂಟಿಕೊಳ್ಳುವ ಜಾಗಗಳು ಅವು. ಪರ್ತ್‌ನ ಮರಳು ನೆಲದಲ್ಲಿ ಇದರ ಬಂಧು ಇಡಿಯೊಸೋಮ ಸಿಗಿಲ್ಲಾಟಮ್ ಇದೆ. ಅದರ ಹೆಸರಿನ ಅರ್ಥವೇ ಮುದ್ರೆ ಒತ್ತಿದ್ದು ಅಂತ.

ಯಾಕೆ ಇಂಥ ಬೆನ್ನು? ಈ ಜೇಡದ ದೊಡ್ಡ ವೈರಿ ಕಣಜ. ಒಂದು ಬಗೆಯ ಕಣಜ ಬಿಲಕ್ಕೆ ಇಳಿದು, ಜೇಡಕ್ಕೆ ಕುಟುಕಿ, ಅದರ ಮೇಲೆ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ಜೇಡವನ್ನು ತಿಂದು ಬೆಳೆಯುತ್ತದೆ. ಕಣಜ ಒಳಗಿಳಿದಾಗ ನಮ್ಮ ಜೇಡ ತಲೆ ಕೆಳಗೆ ಮಾಡಿ ಬಿಲದ ಕಿರಿದಾದ ಜಾಗದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡು ನಿಲ್ಲುತ್ತದೆ. ಬಿರುಸಾದ ಆ ಬೆನ್ನೇ ಬಿರಡೆ. ಕಣಜಕ್ಕೆ ಕುಟುಕಲು ಮೆತ್ತನೆಯ ಜಾಗವೇ ಸಿಗೋದಿಲ್ಲ. ಅಮೆರಿಕ ಮತ್ತು ಚೀನಾದಲ್ಲಿ ಸೈಕ್ಲೊಕಾಸ್ಮಿಯ ಅನ್ನೋ ಜೇಡಗಳಿಗೂ ಹೀಗೇ ಕತ್ತರಿಸಿದ ಹೊಟ್ಟೆ ಇದೆ. ಅದು ಬೇರೆ ಕುಟುಂಬ. ಕಷ್ಟ ಒಂದೇ, ಹೊಳೆದ ಉಪಾಯವೂ ಒಂದೇ.

ಇದರ ಬಿಲದ ಸುತ್ತ ನೋಡಿ. ಬಾಯಿಯ ಅಂಚಿನಿಂದ ಸಣ್ಣ ಸಣ್ಣ ಒಣಕಡ್ಡಿ, ಎಲೆ ಬೀಸಣಿಗೆ ಹಾಗೆ ಹರಡಿರುತ್ತವೆ. ದೂರದಿಂದ ನೋಡಿದರೆ ನೆಲಕ್ಕೆ ಮೀಸೆ ಬಂದ ಹಾಗೆ ಕಾಣುತ್ತದೆ. ಗಾಳಿಗೆ ಬಂದು ಬಿದ್ದ ಕಸ ಅಲ್ಲ ಅದು. ಒಂದೊಂದು ಕಡ್ಡಿಯ ಬುಡವನ್ನೂ ಜೇಡ ರೇಷ್ಮೆಯಿಂದ ಬಿಲದ ಅಂಚಿಗೆ ಅಂಟಿಸಿಕೊಂಡಿರುತ್ತದೆ. ಒಂದು ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಇಂಥ ಬಿಲದ ಮುಂದೆ ಕೂತಿದ್ದೆ. ಮುಚ್ಚಳ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು. ಆ ಸಂದಿನಲ್ಲಿ ಕಾಲಿನ ತುದಿಗಳು, ಕಡ್ಡಿಗಳ ಬುಡದ ಮೇಲೆ. ಒಂದು ಇರುವೆ ಬಂತು. ಮೊದಲ ಕಡ್ಡಿ ಹತ್ತಿತು, ಇಳಿಯಿತು. ಎರಡನೇ ಕಡ್ಡಿ ಹತ್ತಿತು. ಮುಚ್ಚಳ ಅಲುಗಲಿಲ್ಲ. ಕಾಲಿನ ತುದಿ ಮಾತ್ರ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸರಿಯಿತು. ಇರುವೆ ಮೂರನೇ ಕಡ್ಡಿಯ ನಡುವಿಗೆ ಬಂದಾಗ ಮುಚ್ಚಳ ಎದ್ದು ಬಿತ್ತು. ಇರುವೆ ಇರಲಿಲ್ಲ. ಕಡ್ಡಿ ಇನ್ನೂ ತುಸು ನಡುಗುತ್ತಿತ್ತು. ಬಿಲ ಬಿಟ್ಟು ಹೊರಗೆ ಬರಲಾರದ ಜೀವ ತನ್ನ ಕಾಲನ್ನು ಕಡ್ಡಿಗಳಿಂದ ಉದ್ದ ಮಾಡಿಕೊಂಡಿದೆ, ಅಷ್ಟೇ. ಬಾರ್ಬರಾ ಮೇನ್ ಈ ಕಡ್ಡಿಗಳ ಬಗ್ಗೆ 1950ರ ದಶಕದಲ್ಲೇ ಬರೆದಿದ್ದರು.

ಅವರ ಹೆಸರು ಬಂದ ಮೇಲೆ 16ನೇ ನಂಬರಿನ ಜೇಡದ ವಿಷಯ ಹೇಳದೆ ಮುಂದೆ ಹೋಗಲಾರೆ. ಪರ್ತ್‌ನಿಂದ ಸುಮಾರು 180 ಕಿ.ಮೀ. ಪೂರ್ವಕ್ಕೆ ಟ್ಯಾಮಿನ್ ಅನ್ನೋ ಊರು. ಅದರ ಹತ್ತಿರ ನಾರ್ತ್ ಬಂಗುಲ್ಲ ಅನ್ನೋ ಸಣ್ಣ ಕಾದಿಟ್ಟ ಕಾಡು. 1974ರಲ್ಲಿ ಅವರು ಅಲ್ಲಿ ಜೇಡದ ಬಿಲಗಳ ಪಕ್ಕ ನಂಬರಿನ ಗೂಟ ನೆಡಲು ಶುರು ಮಾಡಿದರು. ಗಾಯಸ್ ವಿಲ್ಲೋಸಸ್ ಅನ್ನೋ ಪ್ರಭೇದ. ನಮ್ಮ ಇದೇ ಕುಟುಂಬದ್ದು. 16ನೇ ಗೂಟದ ಪಕ್ಕದ್ದು ಆಗ ತಾನೇ ಬಿಲ ತೋಡಿದ ಒಂದು ಮರಿ. ವರ್ಷ ವರ್ಷವೂ ಹೋಗಿ ನೋಡಿದರು. ಆ ಪ್ರಭೇದದ ಜೇಡ ಇನ್ನೊಂದರ ಬಿಲಕ್ಕೆ ಸೇರಿಕೊಳ್ಳೋದಿಲ್ಲ. ಬಿಲ ಕೆಟ್ಟರೆ ರಿಪೇರಿ ಮಾಡಿಕೊಳ್ಳುತ್ತದೆ. ಹಾಗಾಗಿ ಅದೇ ಗೂಟದ ಪಕ್ಕ ಅದೇ ಬಿಲದಲ್ಲಿ ಜೇಡ ಇದೆ ಅಂದರೆ ಅದು ಅದೇ ಜೇಡ. 2016ರ ಅಕ್ಟೋಬರ್‌ 31ರಂದು ಅವರ ಜೊತೆಗಾರ್ತಿ, ಕರ್ಟಿನ್ ವಿಶ್ವವಿದ್ಯಾಲಯದ ಲಿಯಾಂಡಾ ಮೇಸನ್, ಆ ಗೂಟದ ಹತ್ತಿರ ಹೋದಾಗ ಮುಚ್ಚಳದಲ್ಲಿ ತೂತು ಬಿದ್ದಿತ್ತು. ಬಿಲ ಹಾಳಾಗಿತ್ತು. ಜೇಡ ಇರಲಿಲ್ಲ. ಪರಾವಲಂಬಿ ಕಣಜ ಒಳಹೊಕ್ಕಿರಬೇಕು ಅಂತ ಅವರು ಬರೆದರು. ಆಗ ಅದರ ವಯಸ್ಸು 43. ಇಷ್ಟು ವರ್ಷ ಬದುಕಿದ ಇನ್ನೊಂದು ಜೇಡದ ದಾಖಲೆ ಅಲ್ಲಿಯವರೆಗೆ ಇರಲಿಲ್ಲ. ಅದಕ್ಕೆ ಮೊದಲಿನ ದಾಖಲೆ ಒಂದು ಟರಾಂಟುಲಾದ್ದು, 28 ವರ್ಷ. ಬಾರ್ಬರಾ ಮೇನ್ 2019ರಲ್ಲಿ ತೀರಿಕೊಂಡರು.

ನನಗೆ ಇದರಲ್ಲಿ ಹೊಳೆಯುವುದು ಇದು. ಬಿಲ ಅಗೆದು ಜೇಡ ಹೊರತೆಗೆದರೆ ಅದರ ಹಲುಬೆ, ಮುಳ್ಳು, ಗುಳಿ ಎಲ್ಲವನ್ನೂ ನೋಡಬಹುದು. ಆದರೆ ಬೆಳೆದ ಹೆಣ್ಣಿಗೆ ಆ ಬಿಲ ಮತ್ತೆ ಕಟ್ಟಿಕೊಳ್ಳುವುದು ತುಂಬ ಕಷ್ಟ. ಅದಕ್ಕೇ ಅಗೆಯಬೇಡಿ. ಮುಚ್ಚಳ, ಕಡ್ಡಿ, ಸುತ್ತಲಿನ ನೆಲ ಇಷ್ಟನ್ನು ನೋಡಿ ಫೋಟೊ ತೆಗೆಯಿರಿ. ಕಾಲು ಇಡುವಾಗ ನೋಡಿಕೊಂಡು ಇಡಿ. ನಿಮ್ಮ ಕಾಲ ಕೆಳಗಿನ ಜೇಡ ನಿಮ್ಮ ಮಗಳಿಗಿಂತ ದೊಡ್ಡವಳಿರಬಹುದು.

ಇನ್ನೊಂದು ಕಾರಣವೂ ಇದೆ. ಮೌಸ್ ಸ್ಪೈಡರ್‌ನ ಮರಿಗಳು ರೇಷ್ಮೆ ಎಳೆ ಬಿಟ್ಟು ಗಾಳಿಯಲ್ಲಿ ತೇಲಿ ದೂರ ಹೋಗಬಲ್ಲವು. ಗುರಾಣಿ ಬೆನ್ನಿನ ಜೇಡದ ಮರಿ ನಡೆದೇ ಹೋಗಬೇಕು, ಅದೂ ಮಳೆ ಬಿದ್ದು ನೆಲ ಒದ್ದೆಯಾದಾಗ. ಗೋಧಿ ಬೆಳೆಯಲು ಕಾಡಿನ ಬಹುಪಾಲು ಕಡಿದಾಗಿದೆ. ಹೊಲಗಳ ನಡುವೆ ಉಳಿದ ತುಂಡು ಕಾಡಿನಲ್ಲಿ ಇವು ಉಳಿದಿವೆ. ಒಂದು ತುಂಡಿನಲ್ಲಿ ಸತ್ತುಹೋದರೆ ಪಕ್ಕದ ತುಂಡಿನಿಂದ ಹೊಲ ದಾಟಿ ಇನ್ನೊಂದು ಬರೋದಿಲ್ಲ. ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇಡಿಯೊಸೋಮ ನೈಗ್ರಮ್ ಇದೆ. ನಿಮ್ಮಲ್ಲಿ ಗಣಿ ಕೆಲಸದವರು ಇದ್ದೀರಿ. ಗಣಿ ಶುರು ಮಾಡುವ ಮೊದಲು ‘ಶಾರ್ಟ್ ರೇಂಜ್ ಎಂಡೆಮಿಕ್’ ಸಮೀಕ್ಷೆ ಅಂತ ನಡೆಯುತ್ತದಲ್ಲ, ಅದು ಇಂಥ ಜೀವಿಗಳಿಗಾಗಿಯೇ. ಅಂದರೆ ಇಡೀ ಪ್ರಪಂಚದಲ್ಲಿ 10,000 ಚದರ ಕಿ.ಮೀ.ಗಿಂತ ಕಡಿಮೆ ಜಾಗದಲ್ಲಿ ಮಾತ್ರ ಇರುವ ಜೀವಿಗಳು. ಎರಡು ಜೇಡ ಒಂದೇ ಪ್ರಭೇದವೋ ಬೇರೆ ಬೇರೆಯೋ ಅನ್ನೋದರ ಮೇಲೆ ಒಂದು ಕಾಡಿನ ತುಂಡು ಉಳಿಯುವುದು, ಹೋಗುವುದು ನಿಂತಿರುತ್ತದೆ. ಹೆಸರು ಹಿಡಿಯುವ ಕೆಲಸ ನನಗೆ ಮುಖ್ಯವಾಗಿ ಕಾಣುವುದು ಅದಕ್ಕೇ.

ಹಳೆಯ ಪುಸ್ತಕ ಓದುವವರಿಗೆ ಒಂದು ಮಾತು. 2017ರಲ್ಲಿ ಈ ಗುಂಪಿನ ಕುಲಗಳನ್ನೆಲ್ಲ ಮತ್ತೆ ವಿಂಗಡಿಸಿದರು. ಹಳೆಯ ಪುಸ್ತಕದ ಅಗನಿಪ್ಪೆ ಈಗ ಇಡಿಯೊಸೋಮ. ಸಿಡ್ನಿಯ ಮಿಸ್ಗೊಲಸ್ ಈಗ ಅರ್ಬನೈಟಿಸ್. 16ನೇ ನಂಬರಿನ ಜೇಡದ ಪ್ರಭೇದವನ್ನು ಬಾರ್ಬರಾ ಮೇನ್ ಹಿಂದೆ ಕರೆದದ್ದು ಅನಿಡಿಯೊಪ್ಸ್ ಅಂತ. ಒಂದು ಹೊಸ ಕುಲಕ್ಕೆ ಬಂಗುಲ್ಲ ಅಂತಲೇ ಹೆಸರಿಟ್ಟರು.

ಸಿಡ್ನಿಯಲ್ಲಿ ಅಣ್ಣ, ತಂಗಿ ಇರುವವರು ಇದನ್ನು ಅವರಿಗೆ ಹೇಳಿ. ಅಲ್ಲಿ ಕಂದು ಬಾಗಿಲು ಜೇಡವನ್ನು ಫನಲ್ ವೆಬ್ ಅಂದುಕೊಂಡು ಕೊಲ್ಲುವವರು ಜಾಸ್ತಿ. ಫನಲ್ ವೆಬ್‌ನ ಚಿಪ್ಪು ಎಣ್ಣೆ ಹಚ್ಚಿದ ಹಾಗೆ ನುಣುಪು, ಮಿರಮಿರ ಹೊಳೆಯುತ್ತದೆ. ಬಾಗಿಲು ಜೇಡದ ಚಿಪ್ಪಿನ ಮೇಲೆ ಕೂದಲಿದೆ. ಸಿಡ್ನಿ ಫನಲ್ ವೆಬ್‌ನ ನೂಲುಬೆರಳು ಉದ್ದ. ಅದರ ಗಂಡಿಗೆ ಎರಡನೇ ಕಾಲಿನ ನಡುವೆ ಒಂದು ಕೊಕ್ಕೆ. ಬಾಗಿಲು ಜೇಡದ ಗಂಡಿಗೆ ಕೊಕ್ಕೆ ಇರೋದು ಮೊದಲ ಕಾಲಲ್ಲಿ. ಮೊದಲ ಕಾಲಾ, ಎರಡನೇ ಕಾಲಾ ಅಂತ ಎಣಿಸೋಕೆ ಹತ್ತಿರ ಹೋಗಬೇಡಿ ಅಂತಲೂ ಹೇಳಿ. ಫೋಟೊ ದೂರದಿಂದ. ಕಚ್ಚಿದರೆ ಆ ಕೈಯನ್ನೋ ಕಾಲನ್ನೋ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡಿಸದೆ, ತಕ್ಷಣ ಆಸ್ಪತ್ರೆಗೆ.

ಊರಲ್ಲಿ ಇಂಥದ್ದು ಇದೆಯಾ ಅಂತ ಆಗಲೇ ಒಬ್ಬರು ಕೇಳಿದರು. ಇದೆ. ಇದೇ ಇಡಿಯೊಪಿಡೆ ಕುಟುಂಬದ ಇಡಿಯೊಪ್ಸ್ ಅನ್ನೋ ಕುಲ ಭಾರತದಲ್ಲೂ ಇದೆ. ಅದರ ಮುಖ ಇನ್ನೂ ಸುಲಭ. ಒಂದು ಜೊತೆ ಕಣ್ಣು ಉಳಿದ ಆರನ್ನು ಬಿಟ್ಟು ದೂರ ಮುಂದೆ, ಮುಖದ ಅಂಚಿಗೇ ಬಂದು ಕೂತಿರುತ್ತದೆ. ಕೊನೊತೀಲೆ ಅನ್ನೋ ಇನ್ನೊಂದು ಬಾಗಿಲು ಜೇಡದ ಕುಲ ಭಾರತದಲ್ಲೂ ಇದೆ, ಆಸ್ಟ್ರೇಲಿಯದಲ್ಲೂ ಇದೆ. ಅದರ ಮೂರನೇ ಕಾಲಿನಲ್ಲಿ ಕುದುರೆ ಜೀನಿನ ಹಾಗೆ ಒಂದು ತಗ್ಗು. ಊರಿಗೆ ಹೋದಾಗ ಮಲೆನಾಡಿನ ರಸ್ತೆ ಬದಿಯ ಮಣ್ಣಿನ ದರೆಯನ್ನು ಒಂದು ಗಳಿಗೆ ನಿಂತು ನೋಡಿ.

ಈಗ ಗಂಡಿನ ವಿಷಯ, ಮತ್ತೆ ಆ ಈಜುಕೊಳ. ಗಂಡು ಕೆಲವು ವರ್ಷ ಬಿಲದಲ್ಲಿದ್ದು ಬೆಳೆಯುತ್ತದೆ. ಕೊನೆಯ ಸಲ ಪೊರೆ ಬಿಟ್ಟ ಮೇಲೆ ರೂಪವೇ ಬದಲಾಗುತ್ತದೆ. ಕಾಲು ಉದ್ದ, ಮೈ ಸಣಕಲು. ಬಾಯಿ ಪಕ್ಕದ ಪುಟ್ಟ ಕಾಲುಗಳ ತುದಿ ಬಾಕ್ಸಿಂಗ್ ಗವಸು ಹಾಕಿದ ಹಾಗೆ ದಪ್ಪ. ಮೊದಲ ಕಾಲಿನ ಒಳಬದಿಯಲ್ಲಿ ಮುಳ್ಳಿನ ಕೊಕ್ಕೆ. ಕೂಡುವಾಗ ಹೆಣ್ಣಿನ ಕೋರೆಗಳನ್ನು ತಡೆದು ಹಿಡಿಯೋಕೆ ಅದು. ಮಳೆ ಶುರುವಾದ ಮೇಲೆ ರಾತ್ರಿ ಬಿಲ ಬಿಟ್ಟು ಹೊರಡುತ್ತದೆ. ಮತ್ತೆ ಬಿಲಕ್ಕೆ ಬರೋದಿಲ್ಲ. ಹೆಣ್ಣಿನ ಬಿಲ ಹುಡುಕುತ್ತಾ ನಡೆಯುತ್ತದೆ, ಆ ಕಾಲದಲ್ಲೇ ಸಾಯುತ್ತದೆ. ನಮ್ಮ ಕೊಳಗಳಿಗೆ ಬೀಳುವುದು ಇವೇ. ಎರಡು ಪ್ರಭೇದದ ಹೆಣ್ಣುಗಳು ನೋಡೋಕೆ ಒಂದೇ ಥರ ಇದ್ದರೂ ಗಂಡುಗಳಲ್ಲಿ ಎಷ್ಟೋ ಸಲ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಗಾಗಿ ವಿಜ್ಞಾನಿಗಳು ಗಂಡಿಗಾಗಿ ಕಾಯುತ್ತಾರೆ.

ಆ ಫೋಟೊ ಕಳಿಸಿದವರಿಗೆ ನಾನು ಹೇಳಿದ್ದು ಇಷ್ಟು. ನೀರಲ್ಲಿ ಬಿದ್ದ ಜೇಡ ಸತ್ತಂತೆ ಕಂಡರೂ ಗಂಟೆಗಟ್ಟಲೆ ಬದುಕಿರುತ್ತದೆ, ಕೈ ಹಾಕಬೇಡಿ. ಉದ್ದ ಹಿಡಿಯ ಸೌಟಿನಿಂದ ಎತ್ತಿ ಗಾಜಿನ ಜಾಡಿಗೆ ಹಾಕಿ. ಜಾಡಿ ಮುಚ್ಚಿ, ಹೊರಗಿನಿಂದ ಮೂರು ಫೋಟೊ ತೆಗೆಯಿರಿ. ಮುಂದಿನಿಂದ ಮುಖ, ಪಕ್ಕದಿಂದ ಮೊದಲ ಕಾಲು, ಹಿಂದಿನಿಂದ ನೂಲುಬೆರಳು.

ಅವರು ಕಳಿಸಿದರು. ಮುಖದ ಫೋಟೊದಲ್ಲಿ ಎಂಟೂ ಕಣ್ಣು ನಡುವೆ ಒತ್ತಾಗಿದ್ದವು. ಹಾಗಾದರೆ ಮೌಸ್ ಸ್ಪೈಡರ್ ಅಲ್ಲ. ಮೊದಲ ಕಾಲಿನಲ್ಲಿ ಕೊಕ್ಕೆ ಸ್ಪಷ್ಟವಾಗಿತ್ತು. ಆದರೆ ವಿಶ್‌ಬೋನ್‌ನ ಗಂಡಿಗೂ ಮೊದಲ ಕಾಲಲ್ಲಿ ಮುಳ್ಳಿನ ಗೆಣ್ಣು ಇರುತ್ತದೆ. ಅಷ್ಟಕ್ಕೇ ತೀರ್ಮಾನ ಮಾಡುವ ಹಾಗಿಲ್ಲ. ಮೂರನೇ ಫೋಟೊ ಸ್ವಲ್ಪ ಮಸುಕು. ದೊಡ್ಡದು ಮಾಡಿ ನೋಡಿದೆ. ನೂಲುಬೆರಳು ಗಿಡ್ಡ, ಮೊಂಡು. ದವಡೆಯ ತುದಿಯಲ್ಲಿ ಹಲುಬೆ. ಮುಳ್ಳುಗಾಲಿನ ಬಾಗಿಲು ಜೇಡದ ಗಂಡು.

ಅವತ್ತೇ ಸಂಜೆ ಅವರ ಮಗಳು ಜಾಡಿಯನ್ನು ಹಿತ್ತಲ ಬೇಲಿಯಾಚೆ ಬ್ಯಾಂಕ್ಸಿಯಾ ಗಿಡದ ಬುಡಕ್ಕೆ ಒಯ್ದು, ಅಡ್ಡ ಮಲಗಿಸಿ, ಮುಚ್ಚಳ ತೆಗೆದಿಟ್ಟು ಬಂದಳಂತೆ. ಬೆಳಿಗ್ಗೆ ಹೋಗಿ ನೋಡಿದರೆ ಜಾಡಿ ಖಾಲಿ. ಈಗ ಅವಳು ಆ ಗಿಡದ ಸುತ್ತ ಮುಚ್ಚಳ ಹುಡುಕುತ್ತಿದ್ದಾಳೆ. ಗಂಡು ಅಷ್ಟು ದೂರ ನಡೆದು ಬಂದಿದೆ ಅಂದರೆ ಹತ್ತಿರದಲ್ಲೆಲ್ಲೋ ಹೆಣ್ಣು ಇರಬೇಕಲ್ವಾ ಆಂಟಿ, ಅಂತ ನನ್ನನ್ನು ಕೇಳಿದಳು. ಮುಂದಿನ ಭಾನುವಾರ ನಾನೂ ಹೋಗುತ್ತಿದ್ದೇನೆ.